ನೀವು ಬಾಟಲಿಗೆ ತುಂಬಿದ್ದು ದಾರಿಯ ಮಣ್ಣು, ನನ್ನ ಅಕ್ಕನ ಮಡಿಯದ್ದಲ್ಲ

ಮಣ್ಣಿನ ಸಾವು-ಬದುಕಿಗೆ ಸಹಿ ಹಾಕುವ ಮುಖ್ಯ ಅಧಿಕಾರಿಗಳೇ, ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಿಮ್ಮ ಅಗೆಯುವ ಯಂತ್ರ ನನ್ನ ಅಕ್ಕನ ಸೊಪ್ಪಿನ ತೋಟಕ್ಕೆ ಬರುತ್ತದೆ. ಹನ್ನೆರಡು ಮಡಿಗಳ ಮಣ್ಣನ್ನು ಎರಡಡಿ ಆಳಕ್ಕೆ ಕೆರೆದು ಲಾರಿಗೆ ತುಂಬುತ್ತದೆ. ಆಮೇಲೆ ಆ ಜಾಗದ ಮೇಲೆ ಕಾಂಕ್ರೀಟು ಬೀಳುತ್ತದೆ. ಯಾಕೆಂದರೆ ಆ ಮಣ್ಣು ಇನ್ನು ಬದುಕುವುದಿಲ್ಲ ಎಂದು ನೀವು ಸಹಿ ಹಾಕಿದ್ದೀರಿ. ಮಣ್ಣು ಬದುಕಿದೆ ಸ್ವಾಮಿ. ನಿಮ್ಮ ಬಾಟಲಿಯೊಳಗೆ ಹೋದದ್ದು ಆ ಮಣ್ಣೇ ಅಲ್ಲ. ಇದನ್ನು ಹೇಳಲೆಂದು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಪೇಪರನ್ನಾದರೂ ಓದುತ್ತೀರಿ ಎಂಬ ಆಸೆಯಿಂದ, ನಾಲ್ಕು ಜನರೆದುರು ನನ್ನ ಮಾನವನ್ನೂ ಹರಾಜಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ಇವತ್ತು ಗುರುವಾರ. ನನ್ನ ಕೈಯಲ್ಲಿ ಉಳಿದಿರುವುದು ನಾಲ್ಕು ದಿನ.

ನಾನು ವಿದ್ವಾಂಸನಲ್ಲ, ಲಾರಿ ರಿಪೇರಿ ಮಾಡುವವನು. ಅಕ್ಕನ ತೋಟಕ್ಕೆ ತಾಗಿಕೊಂಡೇ ನನ್ನ ಗ್ಯಾರೇಜಿದೆ. ನನಗೆ ಅಕ್ಷರ ಇಷ್ಟು ಸಲೀಸಾಗಿ ಬರುವುದಕ್ಕೆ ಕಾರಣವೂ ಅಕ್ಕನೇ. ಆರು ವರ್ಷದಿಂದ ಅವಳಿಗೆ ಕಣ್ಣು ಮಂಜು. ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು ಅವಳ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಹೇಳುತ್ತೇನೆ. ನಿಧನವಾರ್ತೆ, ಹವಾಮಾನ, ನಿಮ್ಮ ಕಚೇರಿಯ ಪ್ರಕಟಣೆ, ಯಾವುದನ್ನೂ ಬಿಡುವ ಹಾಗಿಲ್ಲ. ನಡುವೆ ಒಂದು ಸಾಲು ಹಾರಿಸಿದರೂ ಅವಳಿಗೆ ಗೊತ್ತಾಗಿಬಿಡುತ್ತದೆ. "ಏನೋ ನುಂಗ್ಬಿಟ್ಟೆ ನೋಡು ನೀನೀಗ. ವಾಪಸ್ ಹೋಗು" ಎನ್ನುತ್ತಾಳೆ. ಈ ವಿಷಯವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಏಳು ತಿಂಗಳ ಹಿಂದೆ ತೋಟದ ಹಿಂಬದಿಯ ಇಂಧನ ಗೋದಾಮಿನ ಪೈಪೊಂದು ಜೋಡಣೆಯಲ್ಲಿ ಬಿಟ್ಟುಕೊಂಡು ಇಡೀ ಮಧ್ಯಾಹ್ನ ಡೀಸೆಲ್ ಹರಿಯಿತು. ಹರಿಯುವುದು ತಗ್ಗಿನ ಕಡೆಗೆ ತಾನೇ, ತಗ್ಗಿನಲ್ಲಿದ್ದದ್ದು ಅಕ್ಕನ ತೋಟ. ಗೋದಾಮಿನವರು ಬಂದರು, ಕೈ ಮುಗಿದರು, ಪೈಪು ಬದಲಿಸಿದರು, ಗೇಟು ಹಾಕಿಕೊಂಡು ಒಳಗೆ ಹೋದರು. ಮಾರನೆಯ ಬೆಳಿಗ್ಗೆ ಪಾಲಕ್ ಬೇಯಿಸಿದ ಹಾಗೆ ನೆಲಕ್ಕೆ ಮಲಗಿತ್ತು. ಇಪ್ಪತ್ತಾರು ವರ್ಷದಿಂದ ಆ ಹನ್ನೆರಡು ಮಡಿಗಳೇ ಅಕ್ಕನ ಅನ್ನ. ಭಾವ ತೀರಿಕೊಂಡ ಮೇಲೆ ಅವಳು ಯಾರೆದುರೂ ಕೈ ಚಾಚದೆ ಇದ್ದದ್ದು ಆ ಮಣ್ಣಿನಿಂದಲೇ. ಅವತ್ತು ಮಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣೆತ್ತಿ ಮೂಸಿದಳು. ನನ್ನ ಕಡೆ ಚಾಚಿ, "ನಿನ್ನ ಅಂಗಿ ವಾಸನೆ ಬರ್ತಿದೆ ಕಣೋ ಇದಕ್ಕೆ" ಎಂದಳು. ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದಳು.

ನಿಮ್ಮ ಕಚೇರಿ ಪರೀಕ್ಷೆ ಮಾಡಿತು. ಕಿಲೋ ಮಣ್ಣಿಗೆ ಹದಿನೆಂಟು ಗ್ರಾಂ ಎಣ್ಣೆ. ನಿಮ್ಮ ಮಿತಿ ಐದು. ನೀವು ಎರಡು ದಾರಿ ತೋರಿಸಿದಿರಿ. ಒಂದು, ಮಣ್ಣಿನ ಎಣ್ಣೆ ಹೀರಲೆಂದು ಹೊರದೇಶದಿಂದ ಹಡಗಿನಲ್ಲಿ ಬರುವ ಯಾವುದೋ ಪುಡಿ. ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ "ಪ್ರಕ್ರಿಯೆಯಲ್ಲಿದೆ" ಎಂಬ ಉತ್ತರ ಬಂತು. ಆ ಪುಡಿ ಇವತ್ತಿಗೂ ಪ್ರಕ್ರಿಯೆಯಲ್ಲೇ ತೇಲುತ್ತಿದೆ. ಇನ್ನೊಂದು ದಾರಿ, ಕೆರೆದು ಕಾಂಕ್ರೀಟು ಹಾಕುವುದು. ಜ್ವರ ಬಂದವರನ್ನು ಹೂತುಬಿಟ್ಟರೆ ಜ್ವರ ಇಳಿಯುತ್ತದೆ, ಒಪ್ಪೋಣ. ಆದರೆ ಅದಕ್ಕೆ ಚಿಕಿತ್ಸೆ ಎಂಬ ಹೆಸರಿಡುವ ಧೈರ್ಯ ನಿಮ್ಮ ಕಚೇರಿಗೆ ಮಾತ್ರ ಇರುವುದು.

ಮೂರನೆಯ ದಾರಿ ತೋರಿಸಿದವರು ನಮ್ಮ ಬೀದಿಯ ನಿವೃತ್ತ ವಿಜ್ಞಾನದ ಟೀಚರು. ಕತ್ತಿನಲ್ಲಿ ಸದಾ ಒಂದು ಭೂತಗನ್ನಡಿ ತೂಗುತ್ತಿರುತ್ತದೆಯಾದ್ದರಿಂದ ಎಲ್ಲರೂ ಅವರನ್ನು ಭೂತಗನ್ನಡಿ ಟೀಚರ್ ಎನ್ನುತ್ತಾರೆ. ಅವರು ಬಂದು ಮಣ್ಣು ನೋಡಿ ಹೇಳಿದರು: "ಮಣ್ಣಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಅವು ಎಣ್ಣೆ ತಿಂತಾವೆ. ಆದ್ರೆ ಬರೀ ಎಣ್ಣೆ ತಿಂದ್ಕೊಂಡು ಯಾರಿಗ್ರೀ ಬದುಕಕ್ಕಾಗತ್ತೆ? ಜೊತೆಗೆ ಗೊಬ್ಬರ ಕೊಡಿ, ನೀರು ಕೊಡಿ, ಮುಖ್ಯವಾಗಿ ಗಾಳಿ ಕೊಡಿ. ಮಿಕ್ಕಿದ್ದು ಅವೇ ನೋಡ್ಕೊಳ್ತಾವೆ." ನಿಮ್ಮ ಕಚೇರಿಯಲ್ಲಿ ಇದಕ್ಕೆ ಮೂಗು ಮುರಿದರು. ಒಬ್ಬರಂತೂ "ಮರದ ಹೊಟ್ಟಲ್ಲಿ ಡೀಸೆಲ್ ಹೋಗತ್ತಂತೆ!" ಎಂದು ಪಕ್ಕದ ಮೇಜಿಗೆ ಕೇಳುವ ಹಾಗೆ ನಕ್ಕರು. ಆದರೂ "ಸ್ಥಳೀಯ ವಸ್ತುಗಳಿಂದ ಪ್ರಾಯೋಗಿಕ ಶುದ್ಧೀಕರಣಕ್ಕೆ ಆರು ತಿಂಗಳ ಕಾಲಾವಕಾಶ" ಎಂದು ಒಂದು ಹಾಳೆ ಕೊಟ್ಟಿರಿ. ಅದಕ್ಕೆ ನಿಜವಾಗಿಯೂ ಋಣಿ.

ಊರು ಬೇಡವೆಂದು ಎಸೆಯುವುದೆಲ್ಲ ನಮಗೆ ಔಷಧಿಯಾಯಿತು. ಗರಗಸದ ಮಿಲ್ಲಿನಿಂದ ಮರದ ಹೊಟ್ಟು ತಂದೆವು. ಅಣಬೆ ಬೆಳೆದು ಮುಗಿದ ಮೇಲೆ ತಿಪ್ಪೆಗೆ ಹೋಗುವ ಹುಲ್ಲು ತಂದೆವು. ಮೊಟ್ಟೆ ಅಂಗಡಿಯವರ ಕೋಳಿಮನೆಯಿಂದ ಗೊಬ್ಬರ ಬಂತು. ಬೀದಿ ಗುಡಿಸುವ ಹೆಂಗಸು ದಿನಾ ಬೆಂಕಿ ಹಚ್ಚುತ್ತಿದ್ದ ಒಣ ಎಲೆಗಳನ್ನು ಚೀಲದಲ್ಲಿ ತುಂಬಿ ತಂದು ಗೇಟಿನ ಹತ್ತಿರ ಇಳಿಸಿ, "ನಿಮ್ಮ ರೋಗಿಗೆ ಊಟ ಬಂತು" ಎಂದು ಕೂಗಿ ಹೋಗುತ್ತಿದ್ದಳು. ಎಲ್ಲವನ್ನೂ ಮಡಿಯ ಮಣ್ಣಿಗೆ ಬೆರೆಸಿ ಉದ್ದುದ್ದ ದಿಬ್ಬಗಳನ್ನು ಮಾಡಿದೆವು. ನಾನು ಹಳೆಯ ಸೈಲೆನ್ಸರ್ ಪೈಪುಗಳಿಗೆ ತೂತು ಕೊರೆದು ದಿಬ್ಬದೊಳಗೆ ಗಾಳಿ ಆಡಲೆಂದು ಹುಗಿದೆ. ಲಾರಿಯ ಮುರಿದ ಸ್ಪ್ರಿಂಗ್ ಪ್ಲೇಟು ಬಡಿದು ಮಣ್ಣು ಮಗುಚುವ ಮುಳ್ಳುಗುದ್ದಲಿ ಮಾಡಿಕೊಟ್ಟೆ. ವಾರಕ್ಕೆ ಎರಡು ಸಲ, ಆರು ತಿಂಗಳು, ಅರವತ್ತನಾಲ್ಕು ವರ್ಷದ ಹೆಂಗಸು ಆ ಮಣ್ಣನ್ನು ಮಗುಚಿದಳು ಸ್ವಾಮಿ. ಮೂರನೇ ವಾರ ದಿಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿ, "ಅಯ್ಯೋ, ಮಗೂಗೆ ಜ್ವರ ಬಂದ ಹಾಗೆ ಬೆಚ್ಚಗಿದೆ" ಎಂದು ಹೆದರಿದಳು. ಟೀಚರು ಕುಣಿದಾಡುವುದೊಂದು ಬಾಕಿ. "ಹೆದರ್ಬೇಡಿ, ಒಳಗೆ ಊಟಕ್ಕೆ ಕೂತಿದ್ದಾರೆ ಅಂತ ಅರ್ಥ" ಎಂದರು.

ನಮ್ಮ ಹತ್ತಿರ ಪ್ರಯೋಗಾಲಯವಿರಲಿಲ್ಲ. ಟೀಚರು ಹೇಳಿಕೊಟ್ಟಂತೆ ಲೋಟವೊಂದಕ್ಕೆ ಮಡಿಯ ಮಣ್ಣು ತುಂಬಿ ಹತ್ತು ಮೂಲಂಗಿ ಬೀಜ ಹಾಕಿ ಎಷ್ಟು ಮೊಳೆಯುತ್ತವೆ ನೋಡುತ್ತಿದ್ದೆವು. ಮೊದಲ ತಿಂಗಳು ಒಂದೂ ಮೊಳೆಯಲಿಲ್ಲ. ಎರಡನೇ ತಿಂಗಳು ಎರಡು, ಅವೂ ಬಾಗಿಕೊಂಡು ಬಂದವು. ನಾಲ್ಕನೇ ತಿಂಗಳಿಗೆ ಐದು. ಆರನೇ ತಿಂಗಳಿಗೆ ಎಂಟು, ನೆಟ್ಟಗೆ, ಹಸಿರಾಗಿ. ಆದರೆ ನನಗೆ ಮರೆಯಲಾಗದ್ದು ಐದನೇ ತಿಂಗಳ ಒಂದು ಬೆಳಿಗ್ಗೆ. ಅಕ್ಕ ಕಿರುಚಿದ್ದು ಕೇಳಿ ಹಾವೇ ಕಚ್ಚಿತೆಂದುಕೊಂಡು ಸ್ಪ್ಯಾನರ್ ಹಿಡಿದುಕೊಂಡೇ ಓಡಿದೆ. ಅವಳು ಅಂಗೈ ಚಾಚಿಕೊಂಡು ನಿಂತಿದ್ದಳು. ಮಂಜುಗಣ್ಣಿಗೆ ಕಾಣುತ್ತಿರಲಿಲ್ಲ, ಕೈಗೆ ಗೊತ್ತಾಗುತ್ತಿತ್ತು. "ಹರಿದಾಡ್ತಿದೆ ಕಣೋ. ಎರೆಹುಳ ತಾನೇ? ಹುಳ ತಾನೇ? ಬಾಯಿ ಬಿಡೋ!" ಹೌದಕ್ಕಾ, ಎರೆಹುಳ, ಎಂದೆ. ಅವಳು ಅಳುತ್ತ ನಗುತ್ತ ಅದನ್ನು ಮಡಿಯೊಳಗೆ ಇಳಿಸಿ ಮೇಲೆ ಮಣ್ಣು ಮುಚ್ಚಿದಳು. ಅವತ್ತು ನಾನೂ ಅತ್ತೆ, ನಾಚಿಕೆಯೇನಿಲ್ಲ.

ಇನ್ನು ನೀವು ಬಂದ ದಿನದ ಮಾತು. ಹದಿನೈದು ದಿನದ ಹಿಂದೆ, ಬೆಳಿಗ್ಗೆ ಹನ್ನೊಂದಕ್ಕೆ. ಅಕ್ಕ ಆರು ಗಂಟೆಯಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ನೀವು ಕೇಳಿದರೆ ತೋರಿಸಲೆಂದು ಆ ಎಂಟು ಮೊಳಕೆಯ ಲೋಟವನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ನೀವು ಕಾರಿಳಿದು ಗ್ಯಾರೇಜಿಗೂ ತೋಟಕ್ಕೂ ನಡುವಿನ ದಾರಿಯಲ್ಲಿ ಬಂದಿರಿ. ಕಾಲಲ್ಲಿ ಕಂದು ಬಣ್ಣದ ಹೊಸ ಬೂಟು. ಹಿಂದಿನ ಸಂಜೆ ನೀರುಣಿಸಿದ ಮಡಿ ಕೆಸರಾಗಿತ್ತು. ನೀವು ಕೆಸರು ನೋಡಿದಿರಿ, ಬೂಟು ನೋಡಿದಿರಿ. ಆಗಲೇ ನಿಮಗೊಂದು ಫೋನ್ ಬಂತು. ಬಾಟಲಿಗಳ ಪೆಟ್ಟಿಗೆ ಹಿಡಿದಿದ್ದ ನಿಮ್ಮ ಸಹಾಯಕಿ "ಸರ್, ಮಡಿಗೊಂದರ ಹಾಗೆ ಹನ್ನೆರಡು ಕಡೆ ತೆಗೀಬೇಕಲ್ವಾ?" ಎಂದು ಮೆಲ್ಲಗೆ ಕೇಳಿದರು. ನೀವು ಫೋನಿಗೆ ಕೈ ಅಡ್ಡ ಹಿಡಿದು, "ಇಲ್ಲೇ ತಗೊಳ್ಳಿ, ಎಲ್ಲಾ ಒಂದೇ ಮಣ್ಣು ತಾನೇ" ಎಂದಿರಿ. ಅವರು ದಾರಿಯ ಅಂಚಿನಲ್ಲಿ ಕೂತು ಒಂದೇ ಗುಂಡಿಯಿಂದ ಹನ್ನೆರಡು ಬಾಟಲಿ ತುಂಬಿ, ಒಂದರಿಂದ ಹನ್ನೆರಡರವರೆಗೆ ಚೀಟಿ ಅಂಟಿಸಿದರು. ನೀವು ಹೋಗುವಾಗ ಅಕ್ಕ ಲೋಟ ಮುಂದೆ ಮಾಡಿದಳು. ನೀವು ಕುಡಿಯಲು ಏನೋ ಕೊಡುತ್ತಿದ್ದಾಳೆಂದುಕೊಂಡು "ಬೇಡಮ್ಮ, ಈಗ ತಾನೇ ಆಯ್ತು" ಎಂದು ಹೇಳಿ ಕಾರು ಹತ್ತಿದಿರಿ.

ನಾಲ್ಕೇ ದಿನದಲ್ಲಿ ವರದಿ ಬಂತು. ಪುಡಿಗೆ ಇಲ್ಲದ ವೇಗ ವರದಿಗೆ ಎಲ್ಲಿಂದ ಬಂತೋ. ಹನ್ನೆರಡೂ ಮಡಿಗಳಲ್ಲಿ ಕಿಲೋಗೆ ನಲವತ್ತೊಂದು ಗ್ರಾಂ ಎಣ್ಣೆ! ಹದಿನೆಂಟಿದ್ದದ್ದು ನಲವತ್ತೊಂದು. ಅಂದರೆ ಆರು ತಿಂಗಳು ಬೆವರು ಸುರಿಸಿ ನಾವು ಎಣ್ಣೆ ಬೆಳೆದೆವು. ಮಾನ್ಯರೇ, ಇದನ್ನು ನೋಡಿ ನಿಮ್ಮಲ್ಲಿ ಒಬ್ಬರಿಗಾದರೂ ತಲೆ ಕೆರೆದುಕೊಳ್ಳಬೇಕೆನಿಸಲಿಲ್ಲವೇ? ಹನ್ನೆರಡು ಮಡಿಗಳೂ ಅವಳಿಜವಳಿ ಮಕ್ಕಳ ಹಾಗೆ ಒಂದೇ ಅಂಕಿ ತೋರಿಸಿದ್ದು ವಿಚಿತ್ರವೆನಿಸಲಿಲ್ಲವೇ? ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ನಿಮ್ಮದೇ ಪ್ರಯೋಗಾಲಯದವರು ಒಂದು ಸಾಲು ಬರೆದಿದ್ದಾರೆ: "ಮಾದರಿಯಲ್ಲಿ ಕಂಡುಬಂದದ್ದು ಮುಖ್ಯವಾಗಿ ಬಳಸಿದ ಎಂಜಿನ್ ಎಣ್ಣೆ." ಹರಿದದ್ದು ಡೀಸೆಲ್. ಸಿಕ್ಕಿದ್ದು ಎಂಜಿನ್ ಎಣ್ಣೆ. ಕಣ್ಣು ಕಟ್ಟಿ ಮೂಸಿಸಿದರೂ ನನ್ನ ಗ್ಯಾರೇಜಿನಲ್ಲಿ ಇವೆರಡನ್ನು ಯಾರೂ ಅದಲುಬದಲು ಮಾಡುವುದಿಲ್ಲ. ಆ ಸಾಲಿನ ಮೇಲೆಯೇ ನಿಮ್ಮ ಸಹಿ ಬಿದ್ದಿದೆ, ಅರ್ಧ ಅಕ್ಷರಗಳು ಅದರಡಿ ಮುಚ್ಚಿಹೋಗಿವೆ.

ನಿಮ್ಮ ಮೇಲೆ ಇಷ್ಟು ಹರಿಹಾಯ್ದ ನಾನು ಈಗ ನನ್ನ ಸರದಿಗೆ ಬರಬೇಕು.

ಆ ಎಂಜಿನ್ ಎಣ್ಣೆ ನನ್ನದು. ನಾನು ಹುಡುಗನಾಗಿದ್ದಾಗ ಕೆಲಸ ಕಲಿಸಿದ ಮೇಸ್ತ್ರಿ ಒಂದು ಪಾಠ ಹೇಳಿಕೊಟ್ಟಿದ್ದ. ಗ್ಯಾರೇಜಿಗೆ ದೊಡ್ಡ ಮನುಷ್ಯರು ಬರುವ ದಿನ ಅಂಗಳದಲ್ಲಿ ಧೂಳು ಏಳಬಾರದು, ಎಂಜಿನ್ನಿನಿಂದ ಇಳಿಸಿದ ಸುಟ್ಟ ಎಣ್ಣೆಯನ್ನು ತೂತಿನ ಡಬ್ಬದಲ್ಲಿ ತುಂಬಿ ದಾರಿಯುದ್ದಕ್ಕೂ ಚಿಮುಕಿಸಬೇಕು, ನೀರಾದರೆ ಗಳಿಗೆಯಲ್ಲಿ ಆರಿಹೋಗುತ್ತದೆ, ಎಣ್ಣೆಯಾದರೆ ವಾರ ಕೂರುತ್ತದೆ. ಮೂವತ್ತೊಂದು ವರ್ಷ ಹಾಗೇ ಮಾಡಿದ್ದೇನೆ. ನೀವು ಬರುವ ದಿನ ಬೆಳಿಗ್ಗೆ ಎಂಟಕ್ಕೆ, ಸಾಹೇಬರ ಬೂಟಿಗೆ ಧೂಳಾಗಬಾರದೆಂದು, ಡಬ್ಬ ತುಂಬಿಕೊಂಡು ಆ ದಾರಿಗೆಲ್ಲ ಚಿಮುಕಿಸಿದವನು ನಾನು. ಅಂಚಿಗೆ ಸ್ವಲ್ಪ ಜಾಸ್ತಿಯೇ ಹಾಕಿದೆ, ಕಾರು ಅಲ್ಲಿ ತಿರುಗಬಹುದೆಂದು. ಆರು ತಿಂಗಳು ಮಣ್ಣಿನಿಂದ ಎಣ್ಣೆ ತೆಗೆಯಲು ಒದ್ದಾಡಿದ ಇದೇ ಕೈ ಅದನ್ನು ಮಾಡಿತು. ಹೇಗೆ ಸಾಧ್ಯ ಎಂದು ಕೇಳುತ್ತೀರಾ? ನನಗೆ ಅದು ಮಣ್ಣು ಎಂದು ಅನಿಸಲೇ ಇಲ್ಲ. ಮಡಿಯಲ್ಲಿರುವುದು ಮಣ್ಣು, ದಾರಿಯಲ್ಲಿರುವುದು ದಾರಿ. ಅಷ್ಟೇ ನನ್ನ ಬುದ್ಧಿ. ನಿಮ್ಮ ಸಹಾಯಕಿ ಅಲ್ಲಿ ಕೂತು ಅಗೆಯುವಾಗ ನಾನು ಆ ಖಾಲಿ ಡಬ್ಬದ ಪಕ್ಕದಲ್ಲೇ ನಿಂತಿದ್ದೆ, ಆಗಲೂ ನನ್ನ ಮಂಡೆಗೆ ಹೊಳೆಯಲಿಲ್ಲ. ನೀವು ಮಡಿಗೂ ದಾರಿಗೂ ವ್ಯತ್ಯಾಸವಿಲ್ಲವೆಂದು ನಂಬಿದಿರಿ, ನಾನು ಇದೆಯೆಂದು ನಂಬಿದೆ. ಇಬ್ಬರು ಮೂರ್ಖರ ನಡುವೆ ಸಿಕ್ಕಿ ಸಾಯುತ್ತಿರುವುದು ಅಕ್ಕನ ತೋಟ.

ಇನ್ನೂ ಕೆಟ್ಟದ್ದು ಆಮೇಲೆ ನಡೆಯಿತು. ವರದಿ ಬಂದ ಬೆಳಿಗ್ಗೆ ಅದೇ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಓದಿ ಹೇಳಿದೆ. ನಲವತ್ತೊಂದು ಎಂದು ಓದಿದೆ. ಯಂತ್ರ ಬರುವ ತಾರೀಖು ಓದಿದೆ. ಕೊನೆಯ ಆ ಸಣ್ಣ ಸಾಲು ಕಣ್ಣಿಗೆ ಬಿತ್ತು. ಆ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ಆ ಸಾಲನ್ನು ನಾನು ಓದಲಿಲ್ಲ. ನುಂಗಿದೆ. ಒಂದು ಪದ ಬಿಟ್ಟರೂ ಹಿಡಿಯುವ ಅಕ್ಕ ಅವತ್ತು ಹಿಡಿಯಲಿಲ್ಲ, ಅವಳು ಕೇಳಿಸಿಕೊಳ್ಳುವುದನ್ನು ಮೊದಲೇ ನಿಲ್ಲಿಸಿಬಿಟ್ಟಿದ್ದಳು. ತನ್ನ ಎರಡೂ ಅಂಗೈಗಳನ್ನು ಸವರಿಕೊಂಡು, "ನನ್ನ ಕೈಯೇ ಸರಿ ಇಲ್ಲ ಕಣೋ. ಹೊಟ್ಟು ಕಮ್ಮಿ ಹಾಕಿದ್ನೋ ಏನೋ. ಕಣ್ಣು ಕಾಣದೋಳು ಇಂಥಾ ಕೆಲಸಕ್ಕೆ ಕೈ ಹಾಕಬಾರದಿತ್ತು" ಎಂದಳು. ನಾನು ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಹನ್ನೊಂದು ದಿನವಾಯಿತು. ಅವಳು ಮಡಿಯ ಕಡೆ ಹೋಗುವುದಿಲ್ಲ. ಮುಳ್ಳುಗುದ್ದಲಿಯನ್ನು ತೊಳೆದು ಒರೆಸಿ ನನ್ನ ಗ್ಯಾರೇಜಿನ ಬಾಗಿಲಿಗೆ ಒರಗಿಸಿ ಹೋಗಿದ್ದಾಳೆ. ಊಟಕ್ಕೆ ಕರೆದರೆ ಆಗಲೇ ಆಯಿತು ಎನ್ನುತ್ತಾಳೆ, ಪಾತ್ರೆ ನೋಡಿದರೆ ಹಾಗೇ ಇರುತ್ತದೆ.

ಮೂರನೇ ಸಲ ನಿಮ್ಮ ಕಚೇರಿಗೆ ಬಂದಾಗ ಧೈರ್ಯ ಮಾಡಿ ಎಲ್ಲವನ್ನೂ ಕಿಟಕಿಯ ಗುಮಾಸ್ತರಿಗೆ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಸುತ್ತ ನೋಡಿ, "ಸುಟ್ಟ ಎಣ್ಣೆ ನೆಲಕ್ಕೆ ಸುರಿಯೋದೇ ಅಪರಾಧ ಕಣ್ರೀ. ಬರೆದುಕೊಟ್ರೆ ನಿಮ್ಮ ಗ್ಯಾರೇಜಿಗೆ ಬೀಗ ಬೀಳತ್ತೆ. ಸುಮ್ಮನೆ ಮನೆಗೆ ಹೋಗಿ" ಎಂದರು. ಒಳ್ಳೆಯ ಮನುಷ್ಯ, ನನ್ನ ಹಿತಕ್ಕೇ ಹೇಳಿದರು. ಅವರ ಮಾತು ಕೇಳಿ ಸುಮ್ಮನೆ ಮನೆಗೂ ಬಂದೆ, ಅದೂ ನಿಜ. ನಿನ್ನೆ ಮಧ್ಯಾಹ್ನ ಭೂತಗನ್ನಡಿ ಟೀಚರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಭೂತಗನ್ನಡಿ ತಿರುಗಿಸುತ್ತ, "ಮೂವತ್ತೊಂದು ವರ್ಷದ ಎಣ್ಣೆ ಎಲ್ಲಿಗೆ ಹೋಯ್ತು ಅಂದ್ಕೊಂಡಿದ್ರಿ?" ಎಂದು ಮಾತ್ರ ಕೇಳಿದರು. ಇವತ್ತು ಬೆಳಿಗ್ಗೆ ಆ ದಾರಿಗೆ ಹೊಟ್ಟು, ಹುಲ್ಲು, ಗೊಬ್ಬರ ಸುರಿದು ಮಗುಚಲು ಶುರು ಮಾಡಿದ್ದೇನೆ. ಇನ್ನೆಷ್ಟು ವರ್ಷ ಹಿಡಿಯುತ್ತದೋ ಹಿಡಿಯಲಿ.

ಆದ್ದರಿಂದ ಕೇಳುತ್ತಿದ್ದೇನೆ, ಕೇಳುವುದೇನು, ಕಾಲು ಹಿಡಿಯುತ್ತಿದ್ದೇನೆ. ನನ್ನ ಗ್ಯಾರೇಜಿಗೆ ಬೀಗ ಹಾಕಿ. ಬೀಗ ನಾನೇ ತಂದುಕೊಡುತ್ತೇನೆ. ಈ ಪತ್ರವನ್ನೇ ನನ್ನ ತಪ್ಪೊಪ್ಪಿಗೆ ಎಂದು ಫೈಲಿಗೆ ಸೇರಿಸಿ. ಆದರೆ ಸೋಮವಾರದ ಯಂತ್ರವನ್ನು ನಿಲ್ಲಿಸಿ, ಅದಕ್ಕೆ ಮೊದಲು ಇನ್ನೊಮ್ಮೆ ಬನ್ನಿ. ಹನ್ನೆರಡು ಮಡಿಗಳ ನಡುವಿನಿಂದ, ಹನ್ನೆರಡು ಬೇರೆಬೇರೆ ಗುಂಡಿಗಳಿಂದ, ಅಕ್ಕ ಕೈ ಇಟ್ಟು ತೋರಿಸಿದ ಕಡೆ ಮಣ್ಣು ತೆಗೆಯಿರಿ. ಅದರಲ್ಲೂ ನಲವತ್ತೊಂದು ಬಂದರೆ ಯಂತ್ರಕ್ಕೆ ನಾನೇ ದಾರಿ ಬಿಡುತ್ತೇನೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಈ ಸಲ ದಾರಿಗೆ ಏನನ್ನೂ ಚಿಮುಕಿಸಿರುವುದಿಲ್ಲ. ನಿಮ್ಮ ಬೂಟಿಗೆ ಧೂಳಾಗುತ್ತದೆ, ಮಡಿಗಿಳಿದರೆ ಕೆಸರೂ ಆಗುತ್ತದೆ. ಒರೆಸಿಕೊಡಲು ಬಟ್ಟೆ ಹಿಡಿದು ನಿಂತಿರುತ್ತೇನೆ.

ನೀವು ಈ ಪತ್ರವನ್ನು ಓದದೆ ಪುಟ ತಿರುಗಿಸಬಹುದು, ನಿಮಗೆ ಆ ಅನುಕೂಲವಿದೆ. ನನಗಿಲ್ಲ. ಪತ್ರಿಕೆಯವರು ಇದನ್ನು ನಾಳೆಯೇ ಹಾಕುತ್ತೇವೆಂದಿದ್ದಾರೆ. ನಾಳೆ ಬೆಳಿಗ್ಗೆ ಎಂದಿನಂತೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಪೇಪರ್ ಬಿಡಿಸಬೇಕು. ಮೊದಲ ಪುಟದಿಂದ ಶುರು ಮಾಡಿ ಇಲ್ಲಿಗೆ ಬರಬೇಕು. ಈ ಸಲ ಒಂದು ಸಾಲನ್ನೂ ನುಂಗುವುದಿಲ್ಲ, ಅಕ್ಕಾ.

ಇಂತಿ,
ನಿಮ್ಮ ಬೂಟನ್ನು ಕಾಪಾಡಲು ಹೋಗಿ
ಅಕ್ಕನ ಮಣ್ಣಿಗೆ ಎಣ್ಣೆ ಹೊಯ್ದ ತಮ್ಮ